ಮನೆವಾರ್ತೆ: ಬಡಾವಣೆಯ ಬೆಲೆಯೂ ಮನೆಯ ಬೆಲೆಯೂ

ಬೆಂಗಳೂರಿನಲ್ಲಿ ಇಬ್ಬರು ಗೃಹಸ್ಥರು ಕಲೆತರೆ, ಕುಶಲಪ್ರಶ್ನೆ ಮುಗಿದು ಕಾಫಿ ಬರುವುದರೊಳಗಾಗಿ ಮಾತು ಮನೆಗಳ ಬೆಲೆಗೆ ತಿರುಗುವುದು ಈಗಿನ ವಾಡಿಕೆಯಾಗಿದೆ. ಇಂಥ ಬಡಾವಣೆಯಲ್ಲಿ ಚದರಡಿಗೆ ಇಷ್ಟು ಸಾವಿರವಂತೆ, ಇಂಥವರು ತಮ್ಮ ಮನೆಯನ್ನು ಇಷ್ಟು ಕೋಟಿಗೆ ಕೊಟ್ಟರಂತೆ, ಎಂದು ಒಬ್ಬರು ಹೇಳಿದರೆ ಮತ್ತೊಬ್ಬರು ಅದಕ್ಕಿಂತಲೂ ದೊಡ್ಡದೊಂದು ಅಂಕಿಯನ್ನು ಹೇಳುವರು. ಮಾರುವ ಯೋಚನೆಯಾಗಲಿ ಕೊಳ್ಳುವ ಶಕ್ತಿಯಾಗಲಿ ಇಲ್ಲದವರೂ ಮನೆಗೆ ಹಿಂದಿರುಗಿ ಮನಸ್ಸಿನಲ್ಲಿಯೇ ತಮ್ಮ ಮನೆಯ ಚದರಡಿಗಳನ್ನು ಆ ಅಂಕಿಯಿಂದ ಗುಣಿಸಿ ನೋಡುವುದುಂಟು. ಇಷ್ಟರಿಂದ ಯಾರಿಗೂ ನಷ್ಟವಿಲ್ಲ. ಆದರೆ ಮನೆಯನ್ನು ಮಾರಬೇಕಾದಾಗ, ಸಾಲ ಮಾಡಿ ಕೊಳ್ಳಬೇಕಾದಾಗ, ಒಡಹುಟ್ಟಿದವರು ಪಾಲು ಮಾಡಿಕೊಳ್ಳಬೇಕಾದಾಗ ಇದೇ "ಅಂತೆ"ಗಳನ್ನು ಆಧಾರವಾಗಿಟ್ಟುಕೊಂಡರೆ ಹಣವೂ ಕೆಡುತ್ತದೆ, ಬಾಂಧವ್ಯವೂ ಕೆಡುತ್ತದೆ. ಈ ಸಂಚಿಕೆಯಲ್ಲಿ ಅಂಥದೊಂದು ಪ್ರಸಂಗವನ್ನು ವಾಚಕರ ಮುಂದಿಟ್ಟು, ಮನೆಯ ನಿಜವಾದ ಬೆಲೆಯನ್ನು ತಿಳಿಯುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇನೆ.

ನನಗೆ ಬಹುಕಾಲದಿಂದ ಪರಿಚಿತವಾದ ಒಂದು ಕುಟುಂಬವಿದೆ. ಅವರ ಗುರುತು ತಿಳಿಯಬಾರದೆಂದು ಅಂಕಿಗಳನ್ನು ದುಂಡಾಗಿ ಮಾಡಿಕೊಂಡಿದ್ದೇನೆ. ಬಸವನಗುಡಿಯಲ್ಲಿ ತಂದೆಯವರು ಸ್ವಾರ್ಜಿತದಿಂದ ಕಟ್ಟಿಸಿದ ಮನೆ. ನಿವೇಶನ 2,400 ಚದರಡಿ. ತಾಯಿ ಮೊದಲು ಹೋದರು, ಆಮೇಲೆ ತಂದೆ. ಮರಣಶಾಸನವನ್ನು ಬರೆದಿಡಲಿಲ್ಲ. ಮಕ್ಕಳು ಮೂವರು: ನಿವೃತ್ತರಾಗಿ ಅದೇ ಮನೆಯಲ್ಲಿ ವಾಸವಾಗಿರುವ ಅಣ್ಣ, ಮದುವೆಯಾಗಿ ಬೇರೆ ಬೇರೆ ಕಡೆ ಇರುವ ಇಬ್ಬರು ತಂಗಿಯರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಮೇರೆಗೆ ಇಂಥ ಮನೆಯಲ್ಲಿ ಮೂವರಿಗೂ ಸಮಪಾಲು. ಈ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹುಟ್ಟಿದ ಮನೆಯಲ್ಲಿಯೇ ಉಳಿಯುತ್ತೇನೆ, ನಿಮ್ಮ ಪಾಲಿನ ಹಣವನ್ನು ಕೊಟ್ಟುಬಿಡುತ್ತೇನೆ ಎಂದು ಅಣ್ಣನವರು ಹೇಳಿದರು. ತಂಗಿಯರು ಸಂತೋಷದಿಂದಲೇ ಒಪ್ಪಿದರು. ವ್ಯಾಜ್ಯ ಹುಟ್ಟಿದ್ದು "ಎಷ್ಟು" ಎಂಬಲ್ಲಿ.

ಅಣ್ಣನವರು ಸರ್ಕಾರದ ಮಾರ್ಗಸೂಚಿ ಬೆಲೆಯನ್ನು ಹಿಡಿದು, ಚದರಡಿಗೆ 15,000 ರೂಪಾಯಿಯಂತೆ ಮನೆಗೆ 3 ಕೋಟಿ 60 ಲಕ್ಷವೆಂದು ಬರೆದರು. ಕಿರಿಯ ತಂಗಿಯ ಯಜಮಾನರು ಒಂದು ಜಾಹೀರಾತನ್ನು ಹಿಡಿದು, ಚದರಡಿಗೆ 40,000ದಂತೆ 9 ಕೋಟಿ 60 ಲಕ್ಷವೆಂದು ಬರೆದರು. ಒಂದೇ ಮನೆ, ಲೆಕ್ಕ ಎರಡು, ನಡುವೆ 6 ಕೋಟಿ ರೂಪಾಯಿಗಳ ಅಂತರ. "ನಾನೇನು ಮನೆ ಮಾರುವವನೇ? ನನಗೇಕೆ ಪೇಟೆಯ ಬೆಲೆ?" ಎಂದರು ಅಣ್ಣ. "ನೀನು ಮಾರುವುದಿಲ್ಲ ನಿಜ, ಅಣ್ಣಾ. ಆದರೆ ನಾವು ನಿನಗೆ ಮಾರುತ್ತಿದ್ದೇವಲ್ಲ!" ಎಂದಳು ಕಿರಿಯವಳು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಇಬ್ಬರ ಅಂಕಿಯೂ ತಪ್ಪಾಗಿತ್ತು. ಆ ವರ್ಷದ ಗೌರಿಹಬ್ಬದಲ್ಲಿ ಅಣ್ಣನ ಮನೆಯಿಂದ ಹೋದ ಬಾಗಿನ ಹೋದಂತೆಯೇ ಹಿಂದಿರುಗಿ ಬಂದಿತು. ಆ ಬಳಿಕವೇ ಅತ್ತಿಗೆಯವರು ನನಗೆ ಹೇಳಿಕಳುಹಿಸಿದುದು.

ಬೆಲೆ ಎಂಬ ಒಂದೇ ಶಬ್ದದಿಂದ ನಾವು ಮೂರು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತೇವೆ. ಮೊದಲನೆಯದು ಮಾರ್ಗಸೂಚಿ ಬೆಲೆ. ಇದನ್ನು ಗೊತ್ತುಮಾಡುವುದು ಸರ್ಕಾರ. ಇದಕ್ಕಿಂತ ಕಡಮೆ ಮೊತ್ತವನ್ನು ಕ್ರಯಪತ್ರದಲ್ಲಿ ಕಾಣಿಸಿದರೂ ಮುದ್ರಾಂಕ ಶುಲ್ಕವನ್ನು ಇದರ ಮೇಲೆಯೇ ತೆರಬೇಕು. ಕರ್ನಾಟಕದಲ್ಲಿ ಇದು 2023ರ ಅಕ್ಟೋಬರ್ 1ರಿಂದ ಪರಿಷ್ಕೃತವಾಯಿತು. ಒಂದು ಪರಿಷ್ಕರಣಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಕಳೆಯುವುದರಿಂದ ಪೇಟೆಯ ಬೆಲೆ ಮುಂದೆ ಓಡಿರುತ್ತದೆ, ಇದು ನಿಂತಲ್ಲೇ ನಿಂತಿರುತ್ತದೆ. ತೆರಿಗೆಗೆಂದು ಹುಟ್ಟಿದ ಈ ಅಂಕಿ ದಾಯಭಾಗಕ್ಕೆ ತಕ್ಕುದಲ್ಲ.

ಎರಡನೆಯದು ಕೇಳುವ ಬೆಲೆ. ಜಾಹೀರಾತುಗಳಲ್ಲಿಯೂ ದಲ್ಲಾಳಿಗಳ ಬಾಯಲ್ಲಿಯೂ ಇರುವುದು ಇದೇ. ಮಾರುವವನ ಆಸೆಗೆ ಇದು ಸಾಕ್ಷಿಯಾದೀತೇ ಹೊರತು ಕೊಳ್ಳುವವನ ಒಪ್ಪಿಗೆಗೆ ಅಲ್ಲ. ಒಂದೇ ಮನೆಯ ಜಾಹೀರಾತು ತಿಂಗಳುಗಟ್ಟಲೆ ಬರುತ್ತಿದ್ದರೆ, ಆ ಬೆಲೆಗೆ ಕೊಳ್ಳುವವರು ಸಿಕ್ಕಿಲ್ಲವೆಂದೇ ಅದರ ಅರ್ಥ.

ಮೂರನೆಯದು ನಡೆದ ಬೆಲೆ. ಎಂದರೆ ಹಣ ಕೈಬದಲಾಗಿ ಕ್ರಯಪತ್ರ ನೋಂದಣಿಯಾದ ಬೆಲೆ. ಗೃಹಸ್ಥನಿಗೆ ಬೇಕಾದುದು ಇದು. ಆದರೆ ಇದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೊಟ್ಟ ಹಣವನ್ನೆಲ್ಲ ಪತ್ರದಲ್ಲಿ ಕಾಣಿಸದೆ, ಒಂದು ಭಾಗವನ್ನು ಗುಟ್ಟಾಗಿ ನಗದು ಕೊಡುವ ದುರಭ್ಯಾಸ ನಮ್ಮಲ್ಲಿ ಹಳೆಯದು. 2015ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಆದಾಯತೆರಿಗೆಯ ಕಾನೂನಿನ ಪ್ರಕಾರ ನಿಷಿದ್ಧ; ಪಡೆದಷ್ಟೇ ಮೊತ್ತದ ದಂಡವನ್ನು ತೆರಬೇಕಾದೀತು. ಬ್ಯಾಂಕಿನ ಸಾಲದಿಂದ ಕೊಂಡ ಮನೆಗಳ ಪತ್ರಗಳು ಸಾಮಾನ್ಯವಾಗಿ ನಿಜಕ್ಕೆ ಹತ್ತಿರವಾಗಿರುತ್ತವೆ. ಮಾರ್ಗಸೂಚಿ ಬೆಲೆಗೆ ಪೈಸೆ ಹೆಚ್ಚಿಲ್ಲದೆ ಬರೆದ ಪತ್ರವನ್ನು ಕಂಡರೆ ಸ್ವಲ್ಪ ಸಂದೇಹಪಡುವುದು ಲೇಸು.

ಇನ್ನು ಬಡಾವಣೆಗಳ ಮಾತು. ಊರಿನ ಬೆಲೆ, ಬಡಾವಣೆಯ ಬೆಲೆ ಎಂದು ನಾವು ಸುಲಭವಾಗಿ ಆಡುತ್ತೇವಾದರೂ, ಬೆಂಗಳೂರಿನ ಒಂದೊಂದು ಬಡಾವಣೆಯಲ್ಲಿಯೂ ಬೆಲೆ ಒಂದೊಂದು ಕಾರಣದಿಂದ ಹುಟ್ಟಿದೆ. ಚಾಮರಾಜಪೇಟೆ 1892ರದು. 1898ರ ಪ್ಲೇಗಿನ ಬಳಿಕ ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದವು. ಗಾಳಿ ಬೆಳಕುಗಳಿಗಾಗಿ ಅಗಲವಾದ ಬೀದಿಗಳನ್ನು ಬಿಟ್ಟು ನಿರ್ಮಿಸಿದ ಈ ಹಳೆಯ ಬಡಾವಣೆಗಳಲ್ಲಿ ಇಂದು ಮಾರಾಟಕ್ಕೆ ಬರುವ ಮನೆಗಳೇ ವಿರಳ. ಬಂದರೂ ಕೊಳ್ಳುವವನು ತೇಗದ ಬಾಗಿಲನ್ನೂ ಕೆಂಪು ನೆಲವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಲವನ್ನು ಅಳೆಯುತ್ತಾನೆ, ಕಟ್ಟಡವನ್ನು ಕೆಡಹುವ ಖರ್ಚನ್ನು ಕಳೆಯುತ್ತಾನೆ. ಜಯನಗರಕ್ಕೆ ಅಡಿಪಾಯ ಬಿದ್ದುದು 1948ರಲ್ಲಿ. ಸಾಲುಮರಗಳು, ಉದ್ಯಾನಗಳು, ಕಾಲ್ನಡಿಗೆಯ ದೂರದಲ್ಲಿ ಅಂಗಡಿ ಶಾಲೆಗಳು, 2017ರಿಂದ ಮೆಟ್ರೋ ರೈಲು: ಇವು ಅಲ್ಲಿನ ಬೆಲೆಗೆ ಕಾರಣ. ಇಂದಿರಾನಗರ, ಕೋರಮಂಗಲಗಳ ಕಥೆ ಬೇರೆ. ವಾಸಕ್ಕೆಂದು ಹಂಚಿದ ನಿವೇಶನಗಳ ಮೇಲೆ ಅಂಗಡಿಗಳೂ ಹೋಟೆಲುಗಳೂ ಕಚೇರಿಗಳೂ ಎದ್ದಿರುವ ರಸ್ತೆಗಳಲ್ಲಿ ಬೆಲೆಯನ್ನು ನಿರ್ಣಯಿಸುವವನು ಸಂಸಾರಸ್ಥನಲ್ಲ, ವರ್ತಕ.

ಪೂರ್ವದ ವೈಟ್‌ಫೀಲ್ಡು 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಆರಂಭವಾದ ಹಳ್ಳಿ. ನೂರು ವರ್ಷಗಳ ಬಳಿಕ ಕಂಪ್ಯೂಟರ್ ಉದ್ಯಮ ಅಲ್ಲಿಗೆ ಹೋಯಿತು. ಬೆಲೆ ಅದನ್ನು ಹಿಂಬಾಲಿಸಿತು. 2023ರಲ್ಲಿ ಮೆಟ್ರೋ ಅಲ್ಲಿಗೂ ಮುಟ್ಟಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ ಉತ್ತರದ ಯಲಹಂಕ, ಹೆಬ್ಬಾಳಗಳ ಕಡೆಯ ಭೂಮಿಗೆ ಹೊಸ ಗಿರಾಕಿಗಳು ಬಂದರು. ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹಳದಿ ಮಾರ್ಗದ ಮೆಟ್ರೋ ಓಡತೊಡಗಿದ್ದು 2025ರ ಆಗಸ್ಟಿನಲ್ಲಿ. ರೈಲು ಬರುತ್ತದೆಂಬ ಸುದ್ದಿಗೇ ಬೆಲೆ ಏರತೊಡಗುವುದರಿಂದ, ರೈಲು ಬಂದ ದಿನ ಕೊಳ್ಳುವವನು ಆ ಸೌಕರ್ಯದ ಬೆಲೆಯನ್ನು ಅದಾಗಲೇ ತೆತ್ತಿರುತ್ತಾನೆ.

ಬೆಲೆಯನ್ನು ಇಳಿಸುವ ಕಾರಣಗಳೂ ಉಂಟು. ಅವುಗಳ ಮಾತನ್ನು ಮಾರುವವರು ಎತ್ತುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಊರಿನ ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳೊಳಗೆ ನೀರು ನುಗ್ಗಿ, ಮನೆಯವರನ್ನು ದೋಣಿ ಟ್ರ್ಯಾಕ್ಟರುಗಳಲ್ಲಿ ಹೊರಕ್ಕೆ ತರಬೇಕಾಯಿತು. 2024ರ ಬೇಸಗೆಯಲ್ಲಿ ಅದೇ ಊರಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದರು. ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿಯ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಆದುದರಿಂದ ಮನೆಯನ್ನು ನೋಡಲು ಹೋದವರು ಅಡಿಗೆಮನೆಯ ಅಂದವನ್ನು ಮೆಚ್ಚುವುದಕ್ಕೆ ಮೊದಲು, ರಾಜಕಾಲುವೆ ಎಷ್ಟು ದೂರದಲ್ಲಿದೆ, ನಲ್ಲಿಯಲ್ಲಿ ಕಾವೇರಿಯ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂಬುದನ್ನು ಪಕ್ಕದ ಮನೆಯವರನ್ನು ಕೇಳಿ ತಿಳಿಯಬೇಕು.

ಒಂದೇ ಬಡಾವಣೆಯೊಳಗೂ ಬೀದಿಯಿಂದ ಬೀದಿಗೆ ಬೆಲೆ ಬೇರೆ. ರಸ್ತೆ ಅಗಲವಾದಷ್ಟೂ ಹೆಚ್ಚು ಕಟ್ಟಲು ಅನುಮತಿ ದೊರೆಯುವುದರಿಂದ ಅಂಥ ನಿವೇಶನಕ್ಕೆ ಬೆಲೆ ಹೆಚ್ಚು. ಮೂಲೆಯ ನಿವೇಶನಕ್ಕೂ ಪೂರ್ವಾಭಿಮುಖವಾದುದಕ್ಕೂ ಗಿರಾಕಿಗಳು ಅಧಿಕ. ಖಾತೆಯಲ್ಲಿ ತೊಡಕಿದ್ದರೆ ಎಂಥ ನಿವೇಶನವಾದರೂ ಬೆಲೆ ಕುಸಿಯುತ್ತದೆ. 2024ರ ಅಕ್ಟೋಬರಿನಿಂದ ಬೆಂಗಳೂರು ನಗರದೊಳಗಿನ ಸ್ವತ್ತುಗಳ ನೋಂದಣಿಗೆ ಇ-ಖಾತೆ ಬೇಕೇಬೇಕೆಂದು ಆಗಿದೆ.

ಇಷ್ಟೆಲ್ಲ ಭೇದಗಳನ್ನು ಒಟ್ಟಿಗೆ ಕಲಸಿ "ಇಂಥ ಬಡಾವಣೆಯ ಸರಾಸರಿ ಬೆಲೆ" ಎಂದು ಪ್ರಕಟಿಸಿದರೆ ಅದರಿಂದ ಏನು ತಿಳಿದೀತು? 2024ರಲ್ಲಿ ಕೋರಮಂಗಲದ ಮೂರನೆಯ ಬ್ಲಾಕಿನಲ್ಲಿ ಸುಮಾರು 10,000 ಚದರಡಿಯ ಒಂದು ನಿವೇಶನ ಚದರಡಿಗೆ 70,000 ರೂಪಾಯಿಗೂ ಮೀರಿ ಮಾರಾಟವಾಯಿತೆಂಬ ವರದಿ ಪತ್ರಿಕೆಗಳಲ್ಲಿ ಬಂದಿತು. ಅಂಥ ಒಂದು ಮಾರಾಟ ಏನು ಮಾಡುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಬೀದಿಯಲ್ಲಿ ಒಂಬತ್ತು ಮನೆಗಳು ಚದರಡಿಗೆ 24,000ದಂತೆ, ಹತ್ತನೆಯದು 70,000ದಂತೆ ಮಾರಿದುವೆಂದು ಇಟ್ಟುಕೊಳ್ಳಿ. ಹತ್ತರ ಸರಾಸರಿ 28,600. ಆ ಬೆಲೆಗೆ ಆ ಬೀದಿಯಲ್ಲಿ ಒಂದು ಮನೆಯೂ ಮಾರಿಲ್ಲ! 2,400 ಚದರಡಿಯವನು ಈ ಸರಾಸರಿಯನ್ನು ನಂಬಿದರೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು ತಪ್ಪುತ್ತಾನೆ. ಆದುದರಿಂದ ಬೆಲೆಗಳನ್ನು ಇಳಿವರಿಯಾಗಿ ಬರೆದುಕೊಂಡು ನಟ್ಟನಡುವಿನದನ್ನು ನೋಡುವುದು ಜಾಣತನ. ರಿಸರ್ವ್ ಬ್ಯಾಂಕಿನವರು ನೋಂದಣಿಯ ಲೆಕ್ಕಗಳಿಂದ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಮನೆಬೆಲೆಯ ಸೂಚ್ಯಂಕದಲ್ಲಿ ಬೆಂಗಳೂರೂ ಸೇರಿದೆ. ಊರಿನ ಬೆಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಅದು ಒಳ್ಳೆಯ ಸಾಧನ. ನಿಮ್ಮ ಬೀದಿಯ ಬೆಲೆಯನ್ನು ಅದು ಹೇಳಲಾರದು.

ಅಪಾರ್ಟ್‌ಮೆಂಟಿನ ಮನೆಗಳಲ್ಲಿ ಚದರಡಿ ಎಂಬ ಅಳತೆಯೇ ಎರಡು ಬಗೆ. 1,500 ಚದರಡಿಯ ಮನೆ, ಚದರಡಿಗೆ 10,000, ಒಟ್ಟು 1 ಕೋಟಿ 50 ಲಕ್ಷವೆಂದು ಹೇಳಿದಾಗ, ಆ 1,500ರಲ್ಲಿ ಮೆಟ್ಟಿಲು, ಲಿಫ್ಟು, ಓಡುದಾರಿಗಳ ಪಾಲೂ ಸೇರಿರಬಹುದು. ಮನೆಯೊಳಗೆ ಚಾಪೆ ಹಾಸಬಹುದಾದ ನೆಲ 1,050 ಚದರಡಿಯೇ ಆದರೆ, ನೀವು ನಿಜವಾಗಿ ಕೊಡುತ್ತಿರುವುದು ಚದರಡಿಗೆ 14,000ಕ್ಕೂ ಹೆಚ್ಚು. ಕೊಳ್ಳುವವರಿಗೆ ಈ ಒಳನೆಲದ ಅಳತೆಯನ್ನು, ಎಂದರೆ ಕಾರ್ಪೆಟ್ ಏರಿಯಾವನ್ನು, ತಿಳಿಸಬೇಕೆಂಬುದು 2016ರ ರಿಯಲ್ ಎಸ್ಟೇಟ್ ಕಾಯಿದೆಯ ವಿಧಿ. ಭೂಮಿಯಲ್ಲಿ ನಿಮಗೆ ಬರುವ ಅವಿಭಕ್ತ ಪಾಲು ಎಷ್ಟೆಂಬುದನ್ನೂ ಕೇಳಬೇಕು. ಕಟ್ಟಡ ಮುದಿಯಾಗುತ್ತ ಹೋದಂತೆ ಉಳಿಯುವ ಬೆಲೆ ಆ ಪಾಲಿನದೇ.

ಈಗ ನಮ್ಮ ಬಸವನಗುಡಿಯ ಮನೆಗೆ ಹಿಂದಿರುಗೋಣ. ನಾನು ಅವರಿಗೆ ಹೇಳಿದ್ದು ಇಷ್ಟೆ: ಇಬ್ಬರೂ ನಿಮ್ಮ ನಿಮ್ಮ ಕಾಗದಗಳನ್ನು ಮಡಿಸಿಡಿ, ಸಬ್ ರಿಜಿಸ್ಟ್ರಾರರ ಕಚೇರಿಗೆ ಅಣ್ಣ ತಂಗಿಯರು ಜೊತೆಯಾಗಿ ಹೋಗಿ. 1908ರ ನೋಂದಣಿ ಕಾಯಿದೆಯ 57ನೆಯ ಪ್ರಕರಣದ ಮೇರೆಗೆ, ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ 1ನೆಯ ಪುಸ್ತಕವನ್ನು ಶುಲ್ಕ ತೆತ್ತು ಯಾರು ಬೇಕಾದರೂ ನೋಡಬಹುದು, ನಕಲನ್ನೂ ಪಡೆಯಬಹುದು. ಮಕ್ಕಳ ಮದುವೆಗೆ ಮುಂಚೆ ವಂಶವನ್ನೆಲ್ಲ ವಿಚಾರಿಸುವ ನಾವು, ಜೀವಮಾನದ ಅತಿ ದೊಡ್ಡ ವ್ಯವಹಾರದಲ್ಲಿ ಈ ಹಕ್ಕನ್ನು ಉಪಯೋಗಿಸದಿರುವುದು ಆಶ್ಚರ್ಯ. ಅವರು ಹೋದರು. ಸುತ್ತಲಿನ ಬೀದಿಗಳಲ್ಲಿ ಹಿಂದಿನ ಎರಡು ವರ್ಷಗಳಲ್ಲಿ ನಡೆದ ಐದು ಮಾರಾಟಗಳ ನಕಲುಗಳು ದೊರೆತವು. ಒಂದು ಮಾರ್ಗಸೂಚಿ ಬೆಲೆಗೆ ಸರಿಯಾಗಿ ಬರೆದುದು, ಅದನ್ನು ಬಿಟ್ಟರು. ಒಂದು ಅಂಗಡಿಬೀದಿಯ ಮೂಲೆಯದು, ಅದನ್ನೂ ಬಿಟ್ಟರು. ಉಳಿದ ಮೂರರ ನಡುವಿನದು ಚದರಡಿಗೆ 25,000 ರೂಪಾಯಿ. ಬ್ಯಾಂಕುಗಳಿಗೆ ಬೆಲೆಕಟ್ಟಿಕೊಡುವ ಇಂಜಿನಿಯರರೊಬ್ಬರನ್ನು ಕರೆಸಿದಾಗ ಅವರೂ ಅದಕ್ಕೆ ಹತ್ತಿರದ ಅಂಕಿಯನ್ನೇ ಬರೆದುಕೊಟ್ಟರು. ಮನೆಯ ಬೆಲೆ 6 ಕೋಟಿ. ಒಬ್ಬೊಬ್ಬರ ಪಾಲು 2 ಕೋಟಿ.

ಬೆಲೆ ಗೊತ್ತಾಯಿತು, ಕಷ್ಟವೂ ಗೊತ್ತಾಯಿತು. ಮನೆಯನ್ನು ಉಳಿಸಿಕೊಳ್ಳಬೇಕಾದರೆ ಅಣ್ಣನವರು ತಂಗಿಯರಿಗೆ 4 ಕೋಟಿ ಕೊಡಬೇಕು. ಪಿಂಚಣಿಯಿಂದ ಜೀವಿಸುವವರಿಗೆ ಅಷ್ಟು ಸಾಲವನ್ನು ಯಾವ ಬ್ಯಾಂಕು ಕೊಟ್ಟೀತು? ಅವರು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲವೆಂದು ಅತ್ತಿಗೆಯವರು ಹೇಳಿದರು. ಮೂರನೆಯ ದಿನ ತಾವೇ ತಂಗಿಯರನ್ನು ಕರೆಸಿ, ಮಾರಿಬಿಡೋಣವೆಂದರು. ಅಂಕಿ ಚಿಕ್ಕದೆಂದು ತಮ್ಮನ್ನು ತಾವು ನಂಬಿಸಿಕೊಂಡಿದ್ದುದು ಲೋಭದಿಂದಲ್ಲ, ಮನೆ ಬಿಡಬೇಕಾದೀತೆಂಬ ಭಯದಿಂದ ಎಂಬುದು ತಂಗಿಯರಿಗೆ ಆಗ ತಿಳಿಯಿತು.

ಎಂಟು ತಿಂಗಳು ಕಾದ ಮೇಲೆ ಮನೆ 5 ಕೋಟಿ 70 ಲಕ್ಷಕ್ಕೆ ಹೋಯಿತು. ಕೂಡಲೇ ಗಿರಾಕಿ ಸಿಗದಿದ್ದಾಗ ಲೆಕ್ಕದ ಬೆಲೆಗಿಂತ ಅಷ್ಟಿಷ್ಟು ಇಳಿಯುವುದು ಸಹಜ. ಒಬ್ಬೊಬ್ಬರಿಗೆ 1 ಕೋಟಿ 90 ಲಕ್ಷ ಬಂದಿತು. ಅಣ್ಣನವರು ತ್ಯಾಗರಾಜನಗರದಲ್ಲಿ ಕಟ್ಟಿ ಮುಗಿದ ಒಂದು ಅಪಾರ್ಟ್‌ಮೆಂಟಿನ ಮನೆಯನ್ನು 1 ಕೋಟಿ 60 ಲಕ್ಷಕ್ಕೆ ಕೊಂಡರು. ಕೊಳ್ಳುವವರು ಮರೆಯುವ ಖರ್ಚು ಇಲ್ಲಿಯೇ ಬರುವುದು. ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 8 ಲಕ್ಷ; ಅದರ ಮೇಲಿನ ಉಪಕರಗಳು 96,000; 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ 3 ಲಕ್ಷ 20 ಸಾವಿರ; ಒಟ್ಟು 12 ಲಕ್ಷ 16 ಸಾವಿರ ರೂಪಾಯಿ. ಮನೆ ಕಟ್ಟಿ ಮುಗಿದು ವಾಸಯೋಗ್ಯತೆಯ ಪತ್ರ ಬಂದಿದ್ದುದರಿಂದ ಜಿ.ಎಸ್.ಟಿ. ತಪ್ಪಿತು. ಮಾರಿದ ಲಾಭವನ್ನು ನಿಯಮಿತ ಕಾಲದೊಳಗೆ ಮತ್ತೊಂದು ವಾಸದ ಮನೆಗೆ ಹಾಕಿದವರಿಗೆ ಆದಾಯತೆರಿಗೆಯಲ್ಲಿ ವಿನಾಯಿತಿ ಇರುವುದರಿಂದ ಆ ಭಾರವೂ ಅವರಿಗೆ ಹಗುರವಾಯಿತು. ತಂಗಿಯರು ಲೆಕ್ಕಿಗರನ್ನು ವಿಚಾರಿಸಿ ತಮ್ಮ ತೆರಿಗೆಯನ್ನು ತೆತ್ತರು. ಆರು ಕೋಟಿಯ ಮನೆಯ ಯಜಮಾನರೆಂದು ನೆರೆಹೊರೆಯವರು ಹೇಳುತ್ತಿದ್ದವರ ಕೈಯಲ್ಲಿ ಕಡೆಗೆ ಉಳಿದುದು 18 ಲಕ್ಷಕ್ಕೆ ಸ್ವಲ್ಪ ಕಡಮೆ. ಸಾಮಾನು ಸಾಗಿಸುವ, ಹೊಸ ಮನೆಗೆ ಸುಣ್ಣಬಣ್ಣ ಮಾಡಿಸುವ ಖರ್ಚನ್ನು ಮೂವರೂ ಹಂಚಿಕೊಳ್ಳಬೇಕೆಂದು ಹಿರಿಯ ತಂಗಿ ಹಟಹಿಡಿದಳು. ಕಿರಿಯವಳ ಯಜಮಾನರು ತಾವೇ ನಿಂತು ಆ ಕೆಲಸವನ್ನು ಮಾಡಿಸಿದರು.

ವಾಚಕರಿಗೆ ನನ್ನ ಬಿನ್ನಹವಿಷ್ಟು. ತಂದೆತಾಯಿಗಳು ಬದುಕಿರುವಾಗಲೇ ಮನೆಯ ವಿಷಯವನ್ನು ಮಕ್ಕಳೊಡನೆ ಮಾತನಾಡಿ, ಮರಣಶಾಸನವನ್ನು ಬರೆದಿಡುವುದು ಅಶುಭವಲ್ಲ. ಬೆಲೆಯ ಪ್ರಶ್ನೆ ಬಂದಾಗ ಜಾಹೀರಾತನ್ನೂ ಮಾರ್ಗಸೂಚಿಯನ್ನೂ ಪಕ್ಕಕ್ಕಿಟ್ಟು, ನಿಮ್ಮ ಬೀದಿಯಲ್ಲಿ ನಡೆದ ಮೂರು ನಾಲ್ಕು ಕ್ರಯಪತ್ರಗಳನ್ನು ತೆಗೆಸಿ ನೋಡಿ; ನೋಡುವಾಗ ಪಾಲುದಾರರೆಲ್ಲರೂ ಕೂಡಿಯೇ ನೋಡಿ. ಒಬ್ಬರು ತಂದ ಕಾಗದವನ್ನು ಇನ್ನೊಬ್ಬರು ಅನುಮಾನಿಸುವುದು ಮನುಷ್ಯಸ್ವಭಾವ. ಜೊತೆಯಾಗಿ ತಂದ ಕಾಗದಕ್ಕೆ ಆ ದೋಷವಿಲ್ಲ. ಒಬ್ಬರು ಮನೆಯನ್ನು ಉಳಿಸಿಕೊಳ್ಳುವಂತಾದರೆ, ಉಳಿದವರು ಹಕ್ಕುಬಿಡುಗಡೆಪತ್ರವನ್ನು ಬರೆದು ನೋಂದಣಿ ಮಾಡಿಸಲಿ. ಕುಟುಂಬದವರೊಳಗಿನ ಅಂಥ ಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಂತೆ ನೂರಕ್ಕೆ ಇಷ್ಟೆಂದು ಇರದೆ, ನಿಗದಿಯಾದ ಅಲ್ಪ ಮೊತ್ತವಾಗಿರುತ್ತದೆ.

ಕಳೆದ ಗೌರಿಹಬ್ಬದಂದು ನಾನು ತ್ಯಾಗರಾಜನಗರದ ಆ ಮನೆಗೆ ಹೋಗಿದ್ದೆನು. ಮೂರನೆಯ ಮಹಡಿ, ನೆಲ ಚಿಕ್ಕದು, ಬಸವನಗುಡಿಯ ಹಳೆಯ ಉಯ್ಯಾಲೆಗೆ ಸ್ಥಳ ಸಾಲದೆ ಅದನ್ನು ಹಿರಿಯ ತಂಗಿ ಒಯ್ದಿದ್ದಾಳಂತೆ. ಊಟದ ಮನೆಯಲ್ಲಿ ಎರಡು ಮೊರದ ಬಾಗಿನಗಳು ಸಿದ್ಧವಾಗಿದ್ದವು. ತಂಗಿಯರು ತಾವೇ ಬಂದು ತೆಗೆದುಕೊಂಡು ಹೋಗುವರೆಂದು ಅತ್ತಿಗೆಯವರು ಹೇಳಿದರು.